ಚೌಕದ ಹೊರಗಿನ ಮಳೆ

ಅವತ್ತು ಕಂಪ್ಲಿಯಲ್ಲಿ ಒಂದು ಹನಿ ಮಳೆಯಿರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಆ ದಿನ ನೆನಪಾದಾಗ ನನಗೆ ಮೊದಲು ಕಾಣುವುದು ನೀರಲ್ಲ, ಬಿಸಿಲು. ಹೊಳೆದಂಡೆಯ ಇಳಿಜಾರಿನಲ್ಲಿ ನನ್ನ ನೆರಳು ಚೊಕ್ಕವಾಗಿ ಬಿದ್ದಿತ್ತು. ಬಾಳೆ ಎಲೆಗಳ ಮೇಲೆ ಧೂಳು ಕೂತಿತ್ತು. ನನ್ನ ಎರಡೂ ಕೈಯಲ್ಲಿ ನಾರಿನ ಹಗ್ಗವಿತ್ತು. ಹಗ್ಗದ ಇನ್ನೊಂದು ತುದಿ ಸೋದರಮಾವನ ಸೊಂಟದಲ್ಲಿತ್ತು, ಮಾವ ಎದೆಮಟ್ಟದ ಕೆಂಪು ನೀರಿನಲ್ಲಿದ್ದ.

ನಾನು ಹೊಸಪೇಟೆಯಲ್ಲಿ ಹವಾಮಾನದ ಲೆಕ್ಕ ಹಾಕುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಕಚೇರಿ ಇರುವುದು ಬಾಳೆಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಲಾರಿಗೆ ಗೊನೆ ತುಂಬುವವರ ಕೂಗು, ಮೇಲೆ ನಾವು ಮೂವರು. ಒಬ್ಬರು ಮೇಡಂ, ಕಚೇರಿ ಅವರದು. ಇನ್ನೊಬ್ಬ ಸಂಡೂರಿನವನು, ನನ್ನ ವಾರಿಗೆಯವನು, ಮಾಹಿತಿಯನ್ನೆಲ್ಲ ಇಳಿಸಿಕೊಂಡು ಒಪ್ಪ ಮಾಡುವವನು. ಮೂರನೆಯವಳು ನಾನು.

ಆ ವರ್ಷ ನಮಗೆ ಬಂದಿದ್ದ ಪ್ರಶ್ನೆ ನಮ್ಮ ಮಾವನ ಊರಿನದೇ. ಕಂಪ್ಲಿಯ ಹೊಳೆದಂಡೆಯಲ್ಲಿ ಭತ್ತ, ಬಾಳೆ ಬೆಳೆಯುವವರ ಮೋಟರುಗಳು ಗಾಲಿಯಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಕೂತಿರುತ್ತವೆ. ದಂಡೆಯಿಂದ ನೀರಿನವರೆಗೆ ಎರಡು ಹಳಿ ಇಳಿದಿರುತ್ತವೆ. ಬೇಸಿಗೆಯಲ್ಲಿ ಹೊಳೆ ಇಳಿದಂತೆ ಮೋಟರನ್ನೂ ಹಳಿಯ ಮೇಲೆ ಇಳಿಸುತ್ತಾರೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಟ್ರ್ಯಾಕ್ಟರಿಗೆ ತಂತಿ ಬಿಗಿದು ಮೇಲಕ್ಕೆ ಎಳೆಯುತ್ತಾರೆ. ಎಳೆಯುವ ಮೊದಲು ಒಬ್ಬ ನೀರಿಗಿಳಿದು, ಹೊಳೆಯೊಳಗೆ ಹೋಗುವ ಪೈಪಿನ ಬೋಲ್ಟು ಬಿಚ್ಚಬೇಕು. ಪ್ರತಿ ಮಳೆಗಾಲದಲ್ಲೂ ಇದೇ ಗೋಳು. ಬೇಸತ್ತ ರೈತರು ಸೇರಿ, ಸಿಮೆಂಟಿನದೊಂದು ಗಟ್ಟಿ ಪಂಪ್‌ಹೌಸ್ ಕಟ್ಟಿಸೋಣ, ಮೋಟರು ಒಂದೇ ಕಡೆ ಕೂತಿರಲಿ ಎಂದು ತೀರ್ಮಾನಿಸಿದ್ದರು. ಇಂಜಿನಿಯರ್ ಕೇಳಿದ್ದು ಒಂದೇ ಮಾತು: ನೆಲ ಎಷ್ಟು ಎತ್ತರಕ್ಕಿರಲಿ?

ಸುಮ್ಮನೆ ಎತ್ತರಕ್ಕೆ ಕಟ್ಟಿಬಿಡಿ ಎನ್ನಲು ಬರುವುದಿಲ್ಲ. ಆ ಮೋಟರು ನೀರಿಗಿಂತ ಮೂರೂವರೆ ಆಳು ಎತ್ತರ ದಾಟಿತೆಂದರೆ ಎಷ್ಟು ಗರ್ಜಿಸಿದರೂ ನೀರು ಮೇಲೇರುವುದಿಲ್ಲ. ಅದು ಕಂಪನಿಯ ದೋಷವಲ್ಲ, ಗಾಳಿಯ ಒತ್ತಡದ ಮಿತಿ. ನೀರಿನಲ್ಲೇ ಮುಳುಗಿರುವ ಪಂಪುಗಳನ್ನೂ ತಂದು ನೋಡಿದ್ದರು, ಹೂಳು ತುಂಬಿ ಕೆಟ್ಟವು. ಹಾಗಾಗಿ ನೆಲ ತಗ್ಗಾದರೆ ಪ್ರವಾಹದಲ್ಲಿ ಮೋಟರು ಮುಳುಗುತ್ತದೆ, ಎತ್ತರವಾದರೆ ಬೇಸಿಗೆಯಲ್ಲಿ ಬಾಳೆ ಒಣಗುತ್ತದೆ. ಮುಂದಿನ ವರ್ಷಗಳಲ್ಲಿ ಹೊಳೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಹೇಳುವುದು ನಮ್ಮ ಕೆಲಸವಾಗಿತ್ತು.

ಅದಕ್ಕೆ ನಾವು ಬಳಸುವುದು ಜಾಗತಿಕ ಹವಾಮಾನ ಮಾದರಿಗಳನ್ನು. ಇಡೀ ಭೂಮಿಯ ಗಾಳಿ, ಕಡಲು, ಮೋಡಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವ ಈ ಮಾದರಿಗಳನ್ನು ಬೇರೆ ಬೇರೆ ದೇಶಗಳವರು ಮಾಡಿದ್ದಾರೆ. ಹತ್ತಾರು ಇವೆ, ಒಂದು ಹೇಳಿದ್ದನ್ನು ಇನ್ನೊಂದು ಹೇಳುವುದಿಲ್ಲ. ಅವು ಭೂಮಿಯನ್ನು ಚದುರಂಗದ ಹಾಸಿನಂತೆ ದೊಡ್ಡ ದೊಡ್ಡ ಮನೆಗಳಾಗಿ ಹೋಳು ಮಾಡಿಕೊಂಡಿರುತ್ತವೆ. ಹೊಸಪೇಟೆ, ಹಂಪಿ, ಕಂಪ್ಲಿ ಮೂರೂ ಒಂದೇ ಮನೆಯಲ್ಲಿ ಬಿದ್ದಿರುತ್ತವೆ, ಮೂರಕ್ಕೂ ಒಂದೇ ಮಳೆ. ಅದನ್ನು ನಮ್ಮ ಸೀಮೆಯ ಅಳತೆಗೆ ಇಳಿಸಬೇಕು. ಎಲ್ಲ ಮಾದರಿಗಳನ್ನೂ ಹಾಗೆ ಇಳಿಸಲು ನಮ್ಮಂಥ ಕಚೇರಿಯಲ್ಲಿ ಯಂತ್ರಬಲವಿಲ್ಲ. ಕೆಲವನ್ನು ಆರಿಸಿಕೊಂಡು ಉಳಿದವನ್ನು ಬಿಡಬೇಕು. ಆಮೇಲೆ ನಾವು ಏನೇ ಹೇಳಿದರೂ ಆರಿಸಿಕೊಂಡವು ಹೇಳಿದ್ದನ್ನೇ ಹೇಳುತ್ತೇವೆ.

ಸಂಡೂರಿನ ಗೆಳೆಯನಿಗೆ ಈ ಮಾದರಿಗಳ ಮೇಲೆ ಒಂದು ಖಾಯಂ ಸಿಟ್ಟಿತ್ತು.

"ಒಬ್ಬನ ಲೆಕ್ಕದಾಗೂ ನಮ್ಮೂರ ಗುಡ್ಡ ಇಲ್ಲ ನೋಡು," ಎನ್ನುತ್ತಿದ್ದ. "ಮೈನಿಂಗ್‌ನವ್ರು ಇಷ್ಟ್ ವರ್ಷ ಅಗದ್ರೂ ಮುಗೀಲಿಲ್ಲ. ಇವ್ರು ಕುಂತಲ್ಲೇ ಮಟ್ಟ ಮಾಡ್ಯಾರ."

"ನಿಮ್ಮೂರ ಗುಡ್ಡ ಅವ್ರಿಗೆ ಯಾಕ ಬೇಕ್ಲೇ," ಎಂದರೆ, "ಮಳಿಗೆ ಬೇಕಲ್ಲ," ಎನ್ನುತ್ತಿದ್ದ.

ಆರಿಸುವ ಕ್ರಮ ಹೀಗೆ. ನಕ್ಷೆಯ ಮೇಲೆ ಒಂದು ಚೌಕ ಎಳೆಯುತ್ತೇವೆ. ಆ ಚೌಕದೊಳಗೆ ಕಳೆದ ವರ್ಷಗಳಲ್ಲಿ ನಿಜವಾಗಿ ಬಿದ್ದ ಮಳೆ, ಬಿಸಿಲು ಎಷ್ಟು, ಮಾದರಿ ಹೇಳಿದ್ದು ಎಷ್ಟು ಎಂದು ಹೋಲಿಸುತ್ತೇವೆ. ಹಳೆಯದನ್ನು ಸರಿಯಾಗಿ ಹೇಳಿದವನನ್ನು ಮುಂದಿನದಕ್ಕೂ ಕೇಳುವುದು. ನಮ್ಮ ಚೌಕ ಹಿಂದಿನ ಒಂದು ಕೆಲಸದಿಂದ ಬಂದದ್ದು. ಆಗ ಇದೇ ನಾಲ್ಕು ಊರಿನ ಸುತ್ತಲಿನ ಸಜ್ಜೆ, ಶೇಂಗಾ ಹೊಲಗಳ ಬಗ್ಗೆ ವರದಿ ಕೊಟ್ಟಿದ್ದೆವು. ಪಶ್ಚಿಮಕ್ಕೆ ಹೊಸಪೇಟೆ, ದಕ್ಷಿಣಕ್ಕೆ ಸಂಡೂರು, ಉತ್ತರಕ್ಕೆ ಕಂಪ್ಲಿ, ನಡುವೆ ಹಂಪಿ. ಆ ಪರೀಕ್ಷೆಯಲ್ಲಿ ಒಂದು ಮಾದರಿ ಎಲ್ಲರಿಗಿಂತ ಮುಂದೆ ಬಂದಿತ್ತು, ಅದಕ್ಕೆ 'ಮೊದಲ ಬೆಂಚು' ಎಂದು ಹೆಸರಿಟ್ಟಿದ್ದೆವು. ಇನ್ನೊಂದು ನಮ್ಮ ಸೀಮೆಯನ್ನು ಇದ್ದದ್ದಕ್ಕಿಂತ ಒಣಗಿಸಿ ಫೇಲಾಗಿತ್ತು. ಅದು 'ಕೊನೆ ಬೆಂಚು'. ಪಂಪ್‌ಹೌಸಿನ ಕೆಲಸ ಬಂದಾಗ ಆರಿಸಿಟ್ಟ ಮಾದರಿಗಳು ಕೈಯಲ್ಲೇ ಇದ್ದವು. ಅವುಗಳ ಸರಾಸರಿ ತೆಗೆದು, ಒಂದು ಎತ್ತರವನ್ನು ಹೆಚ್ಚುಕಡಿಮೆ ಗೊತ್ತುಮಾಡಿದ್ದೆವು. ಅದನ್ನು ದಂಡೆಯ ಮೇಲೆ ಗುರುತು ಹಾಕಿ ನೋಡಲೆಂದು ನಾನು ಕಂಪ್ಲಿಗೆ ಹೋದೆ.

ಬೆಳಿಗ್ಗೆ ಧ್ವನಿವರ್ಧಕದ ಆಟೋ ಊರು ಸುತ್ತಿತ್ತು. ನೀರು ಬಿಡುತ್ತಾರೆ, ದಂಡೆಗೆ ಹೋಗಬೇಡಿ. ಊರಿನವರಿಗೆ ಇದು ಹೊಸದಲ್ಲ. ಅತ್ತೆ ರೊಟ್ಟಿ ಬಡಿಯುತ್ತಲೇ, "ಮೋಟರ್ ಎತ್ತಿ ಬಾ, ಆಮ್ಯಾಲೆ ಉಣ್ಣೋವಂತಿ," ಎಂದಳು. ಮಾವ ಆತುರಪಡಲಿಲ್ಲ. ದಂಡೆಯಲ್ಲಿ ಒಂದು ಹಳೆಯ ಕಲ್ಲಿನ ಮೆಟ್ಟಿಲಿದೆ, ಮೊದಲ ಸಲ ಬಿಟ್ಟ ನೀರು ಅಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂಬುದು ಅವನ ಅನುಭವ. ಅಷ್ಟರೊಳಗೆ ಬೋಲ್ಟು ಬಿಚ್ಚಿದರಾಯಿತು.

ನೀರು ಮೆಟ್ಟಿಲಿಗೆ ಬಂತು, ನಿಲ್ಲಲಿಲ್ಲ.

ಟ್ರ್ಯಾಕ್ಟರ್ ಮೇಲೆ ಪಕ್ಕದ ಹೊಲದವನು ಕೂತಿದ್ದ. ಮಾವನ ಸೊಂಟಕ್ಕೆ ಹಗ್ಗ ಕಟ್ಟಿದ್ದು ವಾಡಿಕೆಗೆ. ಅದನ್ನು ನನ್ನ ಕೈಗೆ ಕೊಟ್ಟದ್ದು, ಎತ್ತರ ಅಳೆಯುವ ಸಾಮಾನು ಹಿಡಿದು ಸುಮ್ಮನೆ ನಿಂತಿದ್ದೇನೆ ಎಂದು.

"ಹಿಡ್ಕೊಂಡಿರು ಹುಡುಗಿ. ನಾ ಮುಳುಗಿದ್ರ ನಿಮ್ಮತ್ತಿಗೆ ಹೇಳಾಕಾದ್ರೂ ಒಬ್ರು ಬೇಕು," ಎಂದು ನಗುತ್ತ ಇಳಿದ.

ಮೂರು ಬೋಲ್ಟು ಬಿಚ್ಚಿದವು. ಕೊನೆಯದು ತುಕ್ಕು ಹಿಡಿದಿತ್ತು. ಸೊಂಟಮಟ್ಟದ ನೀರು ಎದೆಗೆ ಬಂದಾಗ ಟ್ರ್ಯಾಕ್ಟರಿನವನು, "ಬಿಟ್ಟು ಬಾರೋ ಮಾರಾಯ, ಪೈಪ್ ಹೋದ್ರ ಹೋಗ್ಲಿ," ಎಂದ. ಮಾವ ಬರಲು ತಿರುಗಿದ. ಬರಲಿಲ್ಲ. ಅವನ ಮುಖ ನನಗೆ ಕಾಣುತ್ತಿತ್ತು. ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ಕಣ್ಣು ನೀರಿನೊಳಗೆ ಏನನ್ನೋ ಹುಡುಕುತ್ತಿತ್ತು. "ಕಾಲು ಸಿಕ್ಕೊಂತಲೇ," ಎಂದ, ಮೆಲ್ಲಗೆ, ಯಾರಿಗೂ ಗಾಬರಿ ಆಗಬಾರದೆಂಬಂತೆ. ಸೆಳೆತಕ್ಕೆ ಪೈಪು ಹೊರಳಿ, ಅವನ ಪಾದವನ್ನು ಗಾಲಿಯ ಚೌಕಟ್ಟಿಗೆ ಒತ್ತಿ ಹಿಡಿದಿತ್ತು.

ಹಗ್ಗ ಎಳೆದರೆ ಕಾಲು ಮುರಿಯುತ್ತದೆ, ಬಿಟ್ಟರೆ ಹೊಳೆ ಒಯ್ಯುತ್ತದೆ. ನಾನು ದಂಡೆಯ ಬೇವಿನ ಮರದ ಬೇರಿಗೆ ಕಾಲು ಕೊಟ್ಟು ಹಿಡಿದು ನಿಂತೆ. ಟ್ರ್ಯಾಕ್ಟರಿನವನು ಗಾಡಿ ಹಿಂದಕ್ಕೆ ತಂದು ತಂತಿ ಸಡಿಲು ಬಿಟ್ಟ. ಚೌಕಟ್ಟು ಒಂದು ಗೇಣು ಕೆಳಗೆ ಜಾರಿತು, ಅದರ ಜೊತೆ ಮಾವನೂ ಜಾರಿದ, ಮುಖ ನೀರೊಳಗೆ ಹೋಯಿತು. ಈಗಲೂ ಬಸ್ಸು ಬ್ರೇಕ್ ಹಾಕಿದಾಗ ಆ ಒಂದು ಗೇಣು ನೆನಪಾಗಿ ಮುಂದಿನ ಸೀಟಿನ ಸರಳು ಹಿಡಿಯುತ್ತೇನೆ. ಆದರೆ ಆ ಸಡಿಲಿಗೇ ಪೈಪು ಬಿಟ್ಟುಕೊಂಡಿತು. ಹಗ್ಗದ ಭಾರ ತಟ್ಟನೆ ಬದಲಾಯಿತು, ನಾನು ಎಳೆದೆ. ಮಾವ ಮಣ್ಣಿನ ಮೇಲೆ ಬಂದು ಬಿದ್ದು ಕೆಮ್ಮುತ್ತಿದ್ದಾಗ ಟ್ರ್ಯಾಕ್ಟರಿನವನು ಅವನ ಬೆನ್ನು ಗುದ್ದುತ್ತ ಒಂದೇ ಸಮನೆ ಬಯ್ಯುತ್ತಿದ್ದ. ನಾನು ನನ್ನ ನೆರಳು ನೋಡುತ್ತಿದ್ದೆ. ಅದು ಸ್ವಲ್ಪವೂ ಮಸುಕಾಗಿರಲಿಲ್ಲ. ಮೋಟರು ಮುಳುಗಿತು.

ಅತ್ತೆ ಹಗ್ಗಕ್ಕೆ ತರಚಿದ ನನ್ನ ಅಂಗೈಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದಳು. ಮಾವನ ಕಡೆ ನೋಡಲಿಲ್ಲ. "ಕೇಳಿದಿ? ಹೊಳಿ ಇವ್ರ ಮಾತು ಕೇಳ್ತೈತಂತ," ಎಂದು ನನಗೆ ಹೇಳಿದಳು. ಮಾವ ಊದಿದ ಪಾದ ಬಕೆಟ್ಟಿನಲ್ಲಿಟ್ಟುಕೊಂಡು, "ಪಂಪ್‌ಹೌಸ್ ಜಲ್ದಿ ಕಟ್ಟಿಸಾಕ ಬೇಕು. ಮುಂದಿನ ಮಳಿಗಾಲಕ್ಕ ಯಾರೂ ನೀರಾಗ ಇಳೀಬಾರ್ದು. ಎಷ್ಟ್ ಎತ್ತರ ಅಂತ ಹೇಳಿಬಿಡು ಸಾಕು," ಎಂದ.

ಚೀಲದಲ್ಲಿ ಆ ಎತ್ತರವಿತ್ತು. ಅದನ್ನು ನಂಬಿ ಹೇಳುವ ಧೈರ್ಯ ಸಾಲದೆ ಚೀಲದ ಬಾಯಿ ಕಟ್ಟಿದೆ.

ಮರುದಿನ ಗೆಳೆಯ ಕಾರು ತಂದು ನನ್ನನ್ನು ಕರೆದುಕೊಂಡು ಹೊರಟ. ಕಮಲಾಪುರ ಬಂದಾಗ ನನ್ನ ಮುಖ ನೋಡಿ, ಹಂಪಿ ಕಡೆ ತಿರುಗಿಸಿದ. "ನೀರ ನೋಡ್ಕೊಂಡು ಹೋಗಾಣ. ನೋಡಿದ್ರ ಅಂಜಿಕಿ ಹೋಗ್ತೈತಿ ಅಂತಾರ." ಹೊಳೆಯೊಳಗಿನ ಕಲ್ಲಿನ ಮಂಟಪ ಪೂರ್ತಿ ಮುಳುಗಿತ್ತು. ಅದು ಇರಬೇಕಾದಲ್ಲಿ ನೀರು ಒಂದಿಷ್ಟು ಉಬ್ಬಿ ಹರಿಯುತ್ತಿತ್ತು, ಅಷ್ಟೇ. ಆಕಾಶ ನೀಲಿ. ದೂರದೂರಿನಿಂದ ಬಂದ ಒಬ್ಬ ಪ್ರವಾಸಿ ಚಹಾ ಮಾರುವವಳನ್ನು, ಮಳೆಯೇ ಇಲ್ಲವಲ್ಲ, ಇಷ್ಟು ನೀರು ಎಲ್ಲಿಂದ ಎಂದು ಕೇಳಿದ.

"ಇಲ್ಲೆಲ್ಲಿ ಮಳಿರಿ. ಮ್ಯಾಲೆ ಆಗೈತಿ, ಘಟ್ಟದಾಗ. ಸಕ್ಕರಿ ಹಾಕಬೇಕೇನ್ರಿ?"

ಇದು ಇಲ್ಲಿನ ಕೂಸಿಗೂ ಗೊತ್ತಿರುವ ಮಾತು. ಮಲೆನಾಡಿನ ಮಳೆ ನಮ್ಮ ಹೊಳೆಯಾಗುತ್ತದೆ. ನನಗೆ ಗೊತ್ತಿತ್ತು, ಗೆಳೆಯನಿಗೆ ಗೊತ್ತಿತ್ತು, ಮೇಡಂಗೆ ಗೊತ್ತಿತ್ತು. ನಾವು ಎಳೆದಿದ್ದ ಚೌಕಕ್ಕೆ ಮಾತ್ರ ಗೊತ್ತಿರಲಿಲ್ಲ. ಸಜ್ಜೆಯ ಹೊಲಕ್ಕೆ ಆ ಚೌಕ ಸರಿ. ಸಜ್ಜೆ ಕುಡಿಯುವುದು ತನ್ನ ತಲೆಯ ಮೇಲೆ ಬಿದ್ದ ಮಳೆಯನ್ನು. ಮಾವನ ಎದೆಗೆ ಬಂದ ನೀರು ಆ ಚೌಕದೊಳಗೆ ಬಿದ್ದದ್ದೇ ಅಲ್ಲ.

ಗೆಳೆಯ ಚಹಾದ ಲೋಟ ಕೆಳಗಿಟ್ಟ. ಅವನಿಗೂ ಅದೇ ಹೊಳೆದಿತ್ತು.

"ಮೊದಲ ಬೆಂಚು ಘಟ್ಟದಾಗ ಹೆಂಗ ಅದಾನ, ನೋಡೀವೇನು ನಾವು?"

"ಇಲ್ಲ."

"ಮಸ್ತ್ ಆತು ಬಿಡು," ಎಂದ. "ನಡಿ, ನೋಡಾಣ."

ಕಚೇರಿಯಲ್ಲಿ ಮೇಡಂ ನನ್ನ ಕೈಯ ಬಟ್ಟೆ ನೋಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಒಂದೇ ಪ್ರಶ್ನೆ ಹಾಕಿದರು. "ಅಂಜಿ ಹೇಳ್ತೀಯೋ, ನೋಡಿ ಹೇಳ್ತೀಯೋ?"

"ಎರಡೂ ಅದಾವ ಮೇಡಂ. ನೋಡಿದ್ದನ್ನಷ್ಟ ಲೆಕ್ಕಕ್ಕ ಹಾಕ್ತೀನಿ."

"ಹಂಗಾದ್ರ ಕುಂದ್ರು. ಹೊಸದಾಗಿ ಸುರು ಮಾಡಾಣ."

ಈ ಸಲ ಚೌಕವನ್ನು ಕೈಬಿಟ್ಟೆವು. ಹೊಳೆಗೆ ನೀರು ಎಲ್ಲೆಲ್ಲಿಂದ ಬರುತ್ತದೋ ಆ ಜಾಗದ ಅಂಕುಡೊಂಕಿನ ಅಂಚನ್ನೇ ಹಿಡಿದು, ಘಟ್ಟದ ನೆತ್ತಿಯವರೆಗೆ ಗೆರೆ ಎಳೆದೆವು. ಅದರೊಳಗೆ ಎಲ್ಲ ಮಾದರಿಗಳನ್ನೂ ಮತ್ತೆ ಪರೀಕ್ಷೆಗೆ ಕೂರಿಸಿದೆವು. ಮೊದಲ ಬೆಂಚಿನ ಗುಟ್ಟು ಹೊರಬಿತ್ತು. ಅವನ ಲೋಕದಲ್ಲಿ ಘಟ್ಟವೇ ದಿಣ್ಣೆಯಷ್ಟಿತ್ತು. ಕಡಲಿನಿಂದ ಬಂದ ಮೋಡ ಎಲ್ಲಿಯೂ ತಡೆಯಿಲ್ಲದೆ ಒಳನಾಡಿಗೆ ನಡೆದುಬಂದು ಎಲ್ಲರಿಗೂ ದಿನಾ ಇಷ್ಟಿಷ್ಟು ಜಿನುಗಿ ಹೋಗುತ್ತಿತ್ತು. ಜಿನುಗಿದ್ದನ್ನೆಲ್ಲ ಕೂಡಿದರೆ ಹೊಸಪೇಟೆಯ ವರ್ಷದ ಮಳೆ ಸರಿಯಾಗಿ ಬರುತ್ತಿತ್ತು, ಪಕ್ಕದವನ ಹಾಳೆ ನೋಡಿ ಬರೆದ ಉತ್ತರದ ಹಾಗೆ. ನಿಜವಾದ ಮುಂಗಾರು ಹಾಗೆ ಮಾಡುವುದಿಲ್ಲ. ಘಟ್ಟಕ್ಕೆ ಡಿಕ್ಕಿ ಹೊಡೆದು ಅಲ್ಲೇ ಸುರಿದು, ನಮಗೆ ಬರುವಾಗ ಖಾಲಿ ಕೊಡ. ಅದನ್ನು ಸರಿಯಾಗಿ ಮಾಡಿ ತೋರಿಸಿದವರಲ್ಲಿ ಕೊನೆ ಬೆಂಚು ಒಬ್ಬ. ನಮ್ಮ ಕಡೆ ತುಸು ಹೆಚ್ಚು ಒಣಗಿಸಿದ್ದ ನಿಜ, ಆದರೆ ಘಟ್ಟ ಅವನಿಗೆ ಗೊತ್ತಿತ್ತು.

ಗೆಳೆಯ ಅವನಿಗೆ ಪರದೆಯ ಮೇಲೆಯೇ ಕೈಮುಗಿದ. "ತಪ್ಪಾತು ಗುರುವೇ, ಮುಂದ ಬಂದು ಕುಂದ್ರಿ."

ಅಲ್ಲಿಂದ ಮುಂದೆ ನನ್ನನ್ನು ನಾನೇ ಕಾಯಬೇಕಾಯಿತು. ಘಟ್ಟ ತಿಳಿದವರಲ್ಲಿ ಅತಿ ಹೆಚ್ಚು ಮಳೆ ಹೇಳುವ ಮಾದರಿಗಳನ್ನೇ ನನ್ನ ಕೈ ಎತ್ತಿಕೊಳ್ಳುತ್ತಿತ್ತು. ನಾನು ಕಂಡದ್ದು ನೀರು ತಾನೆ. ಅವುಗಳನ್ನೇ ನಂಬಿದ್ದರೆ ಪಂಪ್‌ಹೌಸ್ ದಂಡೆಯ ನೆತ್ತಿಗೆ ಹೋಗುತ್ತಿತ್ತು.

ಮೇಡಂ ನನ್ನ ಆಯ್ಕೆ ನೋಡಿ, "ಎಲ್ಲಾ ಮಳಿರಾಯನ ಮಕ್ಕಳನ್ನ ಕರ್ಕೊಂಡು ಬಂದೀಯಲ್ಲ. ಬ್ಯಾಸಿಗಿ ಯಾರು ಹೇಳ್ತಾರ?" ಎಂದರು. ಇನ್ನೊಂದನ್ನೂ ತೋರಿಸಿದರು. ನಾನು ಆರಿಸಿದ್ದರಲ್ಲಿ ಬಹಳಷ್ಟು ಒಂದೇ ಮನೆತನದವು. ಒಂದು ಮಾದರಿಯ ಒಳಗಿನ ಸೂತ್ರಗಳನ್ನೇ ಎರವಲು ಪಡೆದು ಇನ್ನೊಂದನ್ನು ಕಟ್ಟಿರುತ್ತಾರೆ, ಹೆಸರು ಮಾತ್ರ ಬೇರೆ. "ಒಂದ ಮನಿ ಅಣ್ಣತಮ್ಮರನ್ನ ಪಂಚಾಯ್ತಿಗೆ ಕೂಡ್ಸಿ, ಎಲ್ಲಾರೂ ಒಪ್ಪಿದ್ರು ಅಂದಂಗಾತು ಇದು."

ಅವರು ಹೇಳಿದ್ದು ಸರಿ. ಘಟ್ಟ ತಿಳಿದಿರಬೇಕು, ಇದು ಬಾಗಿಲು. ಬಾಗಿಲು ದಾಟಿದವರಲ್ಲಿ ಮುಂದೆ ತೀರಾ ತೋಯುತ್ತದೆ ಎನ್ನುವವನೂ ಬೇಕು, ತೀರಾ ಒಣಗುತ್ತದೆ ಎನ್ನುವವನೂ ಬೇಕು, ನಡುವಿನವರೂ ಬೇಕು, ಮನೆತನ ಬೇರೆ ಬೇರೆಯಿರಬೇಕು. ಯಾವನೂ ಸುಳ್ಳನೆಂದು ಈಗಲೇ ಹೇಳಲು ಯಾರಿಗೂ ಬರುವುದಿಲ್ಲ. ಹೀಗೆ ಆರಿಸಿಕೊಂಡ ಗುಂಪಿನ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ. ಯಾರು ಕೇಳಿದರೂ ಒಬ್ಬೊಬ್ಬನನ್ನು ಯಾಕೆ ಕರೆದೆ, ಯಾಕೆ ಬಿಟ್ಟೆ ಎಂದು ಹೇಳಬಲ್ಲೆ.

ಮಳೆಯನ್ನು ಹೊಳೆಯ ನೀರಾಗಿ, ಅಣೆಕಟ್ಟೆಯ ಬಾಗಿಲುಗಳನ್ನೂ ಲೆಕ್ಕಕ್ಕೆ ಹಿಡಿದು, ಕಂಪ್ಲಿಯ ದಂಡೆಯವರೆಗೆ ತಂದಾಗ ಎರಡು ಗೆರೆಗಳು ಸಿಕ್ಕವು. ಮೇಲಿನದು ತೋಯಿಸುವವನು ಹೇಳಿದ ಪ್ರವಾಹ, ಕೆಳಗಿನದು ಒಣಗಿಸುವವನು ಹೇಳಿದ ಬೇಸಿಗೆ. ಎರಡರ ನಡುವಿನ ಅಂತರ ಆ ಮೋಟರು ಎಳೆಯಬಲ್ಲ ಎತ್ತರಕ್ಕಿಂತ ಹೆಚ್ಚು. ನಾನು ಅದನ್ನು ಎರಡು ಸಲ ನೋಡಿದೆ, ಗೆಳೆಯ ಬೇರೆಯಾಗಿ ಮಾಡಿ ನೋಡಿದ. ಪಂಪ್‌ಹೌಸಿನ ನೆಲ ಎಷ್ಟು ಎತ್ತರಕ್ಕಿರಬೇಕು ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಎಲ್ಲಿ ಕಟ್ಟಿದರೂ ಇಬ್ಬರಲ್ಲಿ ಒಬ್ಬನ ಮಾತು ನಿಜವಾದರೆ ಅದು ಮುಳುಗುತ್ತಿತ್ತು ಅಥವಾ ಒಣಗುತ್ತಿತ್ತು. ಮೊದಲ ಸಲದ ಸರಾಸರಿಯವನು ಈ ಮಾತನ್ನು ಎಂದೂ ಹೇಳುತ್ತಿರಲಿಲ್ಲ. ಅವನು ನಡುವೆ ಒಂದು ಎತ್ತರ ತೋರಿಸಿ ಸುಮ್ಮನಾಗಿದ್ದ.

ಅಕ್ಕಿಗಿರಣಿಯ ಅಂಗಳದಲ್ಲಿ ರೈತರು ಸೇರಿದರು. ನಾನು ದಂಡೆಯ ಚಿತ್ರ ಬರೆದು ಎರಡೂ ಗೆರೆ ತೋರಿಸಿದೆ. ಸಿಮೆಂಟಿನ ಕಟ್ಟಡ ಬೇಡ, ಮೋಟರು ಚಲಿಸುತ್ತಲೇ ಇರಬೇಕು ಎಂದೆ.

ಮಾವನ ಪಾದದಲ್ಲಿ ಇನ್ನೂ ಪಟ್ಟಿ ಇತ್ತು. "ಅಲ್ಲಲೇ," ಎಂದ, "ಇಡೀ ದುನಿಯಾದ ಮೋಡ ಎಲ್ಲಾ ತಿರುಗ್ಯಾಡಿ ಕಡೀಕ ನನ್ನ ಗಾಲಿಗೇ ಬಂದು ನಿಂತ್ಯಲ್ಲ. ಇದಕ್ಕ ನಾ ನಿನಗ ಹಗ್ಗ ಕೊಟ್ಟಿದ್ನಾ?"

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಚಿತ್ರದಿಂದ ಕೈ ತೆಗೆಯಲಿಲ್ಲ.

"ಗಾಲಿ ನಿಂದ ಮಾವ. ಹಳಿ ಹೊಸಾದು. ನಿನ್ನ ಹಳಿ ಮ್ಯಾಲೂ ಸಾಲಂಗಿಲ್ಲ, ಕೆಳಗೂ ಸಾಲಂಗಿಲ್ಲ. ಎರಡೂ ಕಡೆ ಉದ್ದ ಮಾಡ್ಬೇಕು. ಮ್ಯಾಲೆ ಕರೆಂಟಿನ ರಾಟಿ ಕೂಡಿಸ್ಬೇಕು. ಪೈಪು ದಂಡಿಮ್ಯಾಲೆ ನಿಂತು ಸರಳು ಎಳದ್ರ ಬಿಚ್ಚಬೇಕು. ಯಾರೂ ನೀರಿಗೆ ಇಳಿಯೋದು ಬ್ಯಾಡ."

"ಮೆಟ್ಟಲಗಲ್ಲು?" ಎಂದ ಮಾವ.

"ಅದು ಹೋದ ಮಳಿ ಕಂಡೈತಿ. ಬರೋ ಮಳಿ ಕಂಡಿಲ್ಲ."

ಮಾವ ತನ್ನ ಪಾದ ನೋಡಿಕೊಂಡ. ಹಿಂದೆ ಕೂತಿದ್ದ ಟ್ರ್ಯಾಕ್ಟರಿನವನು, "ನಾ ಒಪ್ಪಿದೆ. ಇವನನ್ನ ಇನ್ನೊಮ್ಮಿ ಗುದ್ದಾಕ ನನ್ನ ಕೈಲಾಗಂಗಿಲ್ಲ," ಎಂದ. ಇಂಜಿನಿಯರ್ ತಮ್ಮ ಹಳೆಯ ನಕ್ಷೆ ಮಡಚಿ, ಹಳಿಯ ಉದ್ದ ಕೇಳಿದರು. ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಎಂದೆ.

ಮುಂದಿನ ಮಳೆಗಾಲ ಆಟೋ ಮತ್ತೆ ಊರು ಸುತ್ತಿತು. ನಾನು ರಜೆ ಹಾಕಿ ಕಂಪ್ಲಿಗೆ ಹೋದೆ. ಹೋಗುವ ಅಗತ್ಯವಿರಲಿಲ್ಲ. ಅದೇ ಬಿಸಿಲು, ಅದೇ ಧೂಳು ಕೂತ ಬಾಳೆ. ನೀರು ಕಲ್ಲಿನ ಮೆಟ್ಟಿಲಿಗೆ ಬಂದು, ನಿಲ್ಲದೆ ದಾಟಿತು. ಅಷ್ಟರಲ್ಲಿ ಮಾವ ಸರಳು ಎಳೆದಾಗಿತ್ತು. ರಾಟೆಯ ಗುಂಡಿ ಒತ್ತಿದ. ತಂತಿ ಬಿಗಿಯಾಯಿತು, ಚೌಕಟ್ಟು ಅಲುಗಿ, ಮೋಟರು ನೀರು ಸುರಿಸುತ್ತ ಹಳಿಯ ಮೇಲೆ ಏರತೊಡಗಿತು. ನಡುವೆ ಒಂದು ಜಾಗದಲ್ಲಿ ತಂತಿ ಒಂದು ಗೇಣಿನಷ್ಟು ಸಡಿಲಾಗಿ ಮತ್ತೆ ಬಿಗಿಯಾಯಿತು. ಹಳಿಯ ಕೂಡಿಕೆ ಅಷ್ಟೇ.

ಮೋಟರು ಬೇವಿನ ಮರ ದಾಟಿ, ಹೊಸ ಹಳಿಯ ತುದಿಗೆ ಬಂದು ನಿಂತಿತು. ಅದರ ಕೆಳಗೆ ಹೊಳೆ ಏರುತ್ತಲೇ ಇತ್ತು. ದಂಡೆಯಲ್ಲಿದ್ದ ಯಾರ ಕಾಲೂ ನೆನೆದಿರಲಿಲ್ಲ.

"ಹುಡುಗಿ," ಎಂದ ಮಾವ.

"ಏನು?"

"ತೋಳು ಬಿಡು. ಅಂಗಿ ಹೊಸಾದೈತಿ."

ನೋಡಿಕೊಂಡೆ. ಎರಡೂ ಕೈಯಲ್ಲಿ ಅವನ ತೋಳನ್ನು ಬಿಗಿಯಾಗಿ ಹಿಡಿದಿದ್ದೆ.